ನಾನು ಮಾಡದ ಪಾಪಕ್ಕೆ ನಾವು ಕ್ಷಮೆ ಕೇಳುದು ಯಾಕೆ?

ತಪಸ್ಸು ಕಾಲ, ಅಂದ್ರೆ ಈಸ್ಟರಿನ ಮೊದಲಿನ ಉಪವಾಸದ ದಿನಗಳು, ಬಂತು ಅಂದ್ರೆ ನಮ್ಮ ಯುವಜನರ ಗುಂಪಿನಲ್ಲಿ ಈ ಪ್ರಶ್ನೆ ಬಂದೇ ಬರ್ತದೆ. ಪಾಪ ಮಾಡಿದವ ಒಬ್ಬ, ಪಶ್ಚಾತ್ತಾಪ ಪಡಬೇಕಾದವನೂ ಅವನೇ, ಅಲ್ಲಿಗೆ ಲೆಕ್ಕ ಮುಗೀತಲ್ಲ, ಮತ್ತೆ ಇಡೀ ಸಭೆ, ಅಂದ್ರೆ ಕ್ರೈಸ್ತರ ಸಮುದಾಯ, ಒಟ್ಟಿಗೆ ಎದ್ದು ನಿಂತು "ನಾವು ಪಾಪ ಮಾಡಿದ್ದೇವೆ" ಅಂತ ಹೇಳುದು ಎಂತಕ್ಕೆ? ಯುರೋಪಿನಲ್ಲಿ ಯಾವ ಕಾಲದಲ್ಲೋ ಯಾರನ್ನೋ ಧರ್ಮದ ಹೆಸರಿನಲ್ಲಿ ಸುಟ್ಟದ್ದಕ್ಕೆ ಕುಂಬಳೆಯಲ್ಲಿ ಹುಟ್ಟಿ ಬೆಳೆದ ಹುಡುಗಿ ಯಾಕೆ ತಲೆ ತಗ್ಗಿಸ್ಬೇಕು? ಪ್ರಶ್ನೆ ನ್ಯಾಯವಾದದ್ದೇ. "ಅದೆಲ್ಲ ನಂಬಿಕೆಯ ವಿಷಯ, ಹಾಗೆಲ್ಲ ಕೇಳ್ಬಾರ್ದು" ಅಂತ ಬಾಯಿ ಮುಚ್ಚಿಸುದು ತಪ್ಪು, ಯಾಕಂದ್ರೆ ಇದೇ ಜಗಳ ಬೈಬಲಿನ ಒಳಗೇ ಉಂಟು, ಎರಡೂ ಕಡೆಯ ವಾದದ ಸಮೇತ.

ಮೊದಲು ನಮ್ಮ ಅಭ್ಯಾಸದ ವಿಷಯ ನೋಡುವ. ಮಂಜೇಶ್ವರ, ಕುಂಬಳೆ, ಬೇಳ ಕಡೆಯ ಇಗರ್ಜಿಗಳು (ಚರ್ಚುಗಳು) ಇರುದು ಕೇರಳದಲ್ಲಿ, ಸೇರಿದ್ದು ಮಂಗಳೂರು ಬಿಷಪರ ಧರ್ಮಪ್ರಾಂತ್ಯಕ್ಕೆ, ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ವಿಲೇಜ್ ಆಫೀಸಿನಲ್ಲಿ ಮಲಯಾಳ. ಯಾವ ಭಾಷೆಯಲ್ಲಿ ಕಲಿತರೂ ಸಣ್ಣದಿರುವಾಗ ನಮಗೆ ಪಾಪ ಅಂದ್ರೆ ಕುಮ್ಸಾರಿಗೆ, ಅಂದ್ರೆ ಫಾದರ್ ಹತ್ರ ಪಾಪನಿವೇದನೆಗೆ, ಹೋಗುವ ಮೊದಲು ಮನಸ್ಸಿನಲ್ಲಿ ಮಾಡುವ ಒಂದು ಪಟ್ಟಿ. ಸುಳ್ಳು ಹೇಳಿದೆ, ಅಮ್ಮನ ಮಾತು ಕೇಳ್ಲಿಲ್ಲ, ತಮ್ಮನಿಗೆ ಹೊಡೆದೆ. ಫಾದರ್ ಕೇಳ್ತಾರೆ, ಪ್ರಾಯಶ್ಚಿತ್ತಕ್ಕೆ ಇಷ್ಟು ಪ್ರಾರ್ಥನೆ ಹೇಳು ಅಂತಾರೆ, ಮೊಣಕಾಲಿನಿಂದ ಎದ್ದು ಬರುವಾಗ ಹಗುರ ಆಗ್ತದೆ. ಇದರಲ್ಲಿ ತಪ್ಪೇನೂ ಇಲ್ಲ, ಒಳ್ಳೆಯದೇ, ಆದ್ರೆ ಪಾಪ ಅಂದ್ರೆ ನನಗೂ ದೇವರಿಗೂ ನಡುವಿನ ಖಾಸಗಿ ವ್ಯವಹಾರ ಅನ್ನುವ ಒಂದು ಭಾವನೆ ಅಲ್ಲಿಂದ ಗಟ್ಟಿಯಾಗಿ ಕೂತುಬಿಡ್ತದೆ.

ಆದಿ ಸಭೆಯಲ್ಲಿ ಹಾಗಿರ್ಲಿಲ್ಲ. ಕೊಲೆ, ವ್ಯಭಿಚಾರ, ಹಿಂಸೆಗೆ ಹೆದರಿ ನಂಬಿಕೆ ಬಿಟ್ಟದ್ದು, ಇಂಥ ದೊಡ್ಡ ಪಾಪಗಳಿಗೆ ಸಭೆಯ ಎದುರೇ ಪ್ರಾಯಶ್ಚಿತ್ತ ಆಗ್ತಿತ್ತು. ಪಾಪಿಯನ್ನು ಪ್ರಭುಭೋಜನದಿಂದ (ಪೂಜೆಯಲ್ಲಿ ಕೊಡುವ ಪರಮಪ್ರಸಾದದಿಂದ) ಹೊರಗಿಡ್ತಿದ್ದರು, ಅವನಿಗಾಗಿ ಎಲ್ಲರೂ ಪ್ರಾರ್ಥಿಸ್ತಿದ್ದರು, ಕೊನೆಗೆ ಎಲ್ಲರ ಎದುರೇ ವಾಪಸ್ ಸೇರಿಸ್ಕೊಳ್ತಿದ್ದರು. 390ರಲ್ಲಿ ಥೆಸಲೊನಿಕದಲ್ಲಿ ಸಾವಿರಾರು ಜನರ ಹತ್ಯೆಗೆ ಆಜ್ಞೆ ಕೊಟ್ಟ ಚಕ್ರವರ್ತಿ ಥಿಯೊಡೋಸಿಯಸ್‌ಗೆ ಮಿಲಾನಿನ ಬಿಷಪ್ ಅಂಬ್ರೋಸ್, ಬಹಿರಂಗ ಪ್ರಾಯಶ್ಚಿತ್ತ ಮಾಡುವವರೆಗೆ ಪರಮಪ್ರಸಾದ ಇಲ್ಲ ಅಂದುಬಿಟ್ಟರು, ಅವನು ಮಾಡಿದ ಕೂಡಾ. ಆರನೇ ಏಳನೇ ಶತಮಾನದಲ್ಲಿ ಐರ್ಲೆಂಡಿನ ಸನ್ಯಾಸಿಗಳು ಗುಟ್ಟಿನಲ್ಲಿ ಒಬ್ಬೊಬ್ಬರಾಗಿ ಪಾಪನಿವೇದನೆ ಮಾಡುವ ಪದ್ಧತಿಯನ್ನು ಯುರೋಪಿನಲ್ಲೆಲ್ಲ ಹಬ್ಬಿಸಿದ ಮೇಲೆ ಆ ಸಾರ್ವಜನಿಕ ಕ್ರಮ ನಿಧಾನಕ್ಕೆ ಹಿಂದೆ ಬಿತ್ತು. ಲೋಕದ ಕಥೊಲಿಕ ಬಿಷಪರು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಆ ಹಳೇ ನೆನಪನ್ನು ವಾಪಸ್ ತಂದಿತು: ಪಾಪನಿವೇದನೆಗೆ ಬರುವವರು ದೇವರಿಂದ ಕ್ಷಮೆ ಪಡೀತಾರೆ, ಹಾಗೆಯೇ ತಮ್ಮ ಪಾಪದಿಂದ ಗಾಯಗೊಂಡ ಸಭೆಯ ಜೊತೆಗೂ ರಾಜಿ ಆಗ್ತಾರೆ ಅಂತ. ಅಂದ್ರೆ ನನ್ನ ಎಷ್ಟು ಖಾಸಗಿ ಪಾಪವೂ ಇಡೀ ದೇಹಕ್ಕೆ ತಾಗ್ತದೆ. ಒಂದು ಅಂಗಕ್ಕೆ ನೋವಾದ್ರೆ ಎಲ್ಲ ಅಂಗಗಳಿಗೂ ನೋವು ಅಂತ ಪೌಲ ಕೊರಿಂಥದವರಿಗೆ ಬರೆದದ್ದು ಇದನ್ನೇ.

ಈಗ ಬೈಬಲಿನ ಜಗಳಕ್ಕೆ ಬರುವ. ಯೆಹೋಶುವನ ಪುಸ್ತಕದ 7ನೇ ಅಧ್ಯಾಯದಲ್ಲಿ ಆಕಾನ ಅನ್ನುವ ಒಬ್ಬ ಮನುಷ್ಯ ಯೆರಿಕೋವಿನ ಲೂಟಿಯಿಂದ ಬಟ್ಟೆ, ಬೆಳ್ಳಿ, ಬಂಗಾರ ಕದ್ದು ಗುಡಾರದ ನೆಲದಲ್ಲಿ ಹೂಳ್ತಾನೆ. ದೇವರು ಹೇಳುದು ಆಕಾನ ಪಾಪ ಮಾಡಿದ ಅಂತ ಅಲ್ಲ, ಇಸ್ರಾಯೇಲರು ಪಾಪ ಮಾಡಿದ್ದಾರೆ ಅಂತ. ಯಾಜಕಕಾಂಡದ 4ನೇ ಅಧ್ಯಾಯದಲ್ಲಿ ಇಡೀ ಸಮೂಹ ತಿಳಿಯದೆ ಮಾಡಿದ ಪಾಪಕ್ಕೆ ಬೇರೆಯೇ ಬಲಿ ಉಂಟು, ಹೋರಿಯ ತಲೆ ಮೇಲೆ ಹಿರಿಯರು ಕೈ ಇಡ್ಬೇಕು. ತಂದೆಯ ದೋಷದ ಫಲ ಮೂರು ನಾಲ್ಕು ತಲೆಮಾರಿನವರೆಗೆ ಅಂತ ಹತ್ತು ಆಜ್ಞೆಗಳ ನಡುವೆಯೇ ಬರ್ತದೆ. ಇನ್ನೊಂದು ಕಡೆ ಯೆಹೆಜ್ಕೇಲ 18ನೇ ಅಧ್ಯಾಯದಲ್ಲಿ ಎದ್ದು ನಿಂತು ಹೇಳ್ತಾನೆ, ಹೆತ್ತವರು ಹುಳಿ ದ್ರಾಕ್ಷಿ ತಿಂದರು ಮಕ್ಕಳ ಹಲ್ಲು ಚಳಿತುಹೋಯಿತು ಅನ್ನುವ ಗಾದೆಯನ್ನು ಇನ್ನು ಯಾರೂ ಹೇಳ್ಬೇಡಿ, ಪಾಪ ಮಾಡಿದವನೇ ಸಾಯ್ತಾನೆ, ಮಗ ತಂದೆಯ ದೋಷ ಹೊರುದಿಲ್ಲ.

ಇವೆರಡನ್ನು ಒಂದಕ್ಕೊಂದು ಗುದ್ದಾಡ್ಲಿಕ್ಕೆ ಬಿಟ್ಟು ಹೋಗುವವರು ಉಂಟು. ನನಗೆ ಹಾಗೆ ಕಾಣುದಿಲ್ಲ. ಯೆಹೆಜ್ಕೇಲ ಮಾತಾಡ್ತಿರುದು ಬಾಬಿಲೋನಿನಲ್ಲಿ ಸೆರೆಯಲ್ಲಿ ಕೂತವರ ಹತ್ರ, "ಎಲ್ಲ ನಮ್ಮ ಅಪ್ಪಂದಿರು ಮಾಡಿದ್ದು, ನಾವು ಎಂತ ಮಾಡ್ಲಿಕ್ಕಾಗ್ತದೆ" ಅಂತ ಕೈಕಟ್ಟಿ ಕೂತವರ ಹತ್ರ. ಅವರಿಗೆ ಅವನು ಹೇಳಿದ್ದು ನೀವು ಈಗ ತಿರುಗಬಹುದು ಅಂತ. ಪೂರ್ವಜರ ಪಾಪದ ಪರಿಣಾಮ ನಿಮಗೆ ಏನೂ ಇಲ್ಲ ಅಂತ ಅವನು ಹೇಳ್ಲಿಲ್ಲ, ಪರಿಣಾಮದ ಮಧ್ಯೆಯೇ ಅವರೆಲ್ಲ ಕೂತಿದ್ದರು.

ಅಡಿಕೆ ತೋಟದ ಲೆಕ್ಕದಲ್ಲಿ ಇದು ಬೇಗ ಅರ್ಥ ಆಗ್ತದೆ. ಅಪ್ಪ ತೋಟದ ಮೇಲೆ ಸೊಸೈಟಿಯಲ್ಲಿ ಸಾಲ ಮಾಡಿ ತೀರಿಕೊಂಡ್ರೆ, ಸಾಲ ಮಾಡಿದವ ಮಗ ಅಲ್ಲ, ಸೈನ್ ಹಾಕಿದ್ದೂ ಅವನಲ್ಲ, ಅವನನ್ನು ಯಾರೂ ಸಾಲಗಾರ ಅಂತ ಬೈಯ್ಯುವ ಹಾಗಿಲ್ಲ. ಆದ್ರೆ ತೋಟ ನನಗೆ ಬೇಕು ಸಾಲ ಬೇಡ ಅಂತ ಅವನು ಹೇಳುವ ಹಾಗೂ ಇಲ್ಲ. ಸಭೆಯ ವಿಷಯದಲ್ಲೂ ಅಷ್ಟೇ, ಸಂತರನ್ನು ನಮ್ಮವರು ಅಂತೇವೆ, ಎರಡು ಸಾವಿರ ವರ್ಷದ ಪರಂಪರೆ ನಮ್ಮದು ಅಂತೇವೆ, ಹಳೇ ಇಗರ್ಜಿ, ಶಾಲೆ, ಆಸ್ಪತ್ರೆ ಎಲ್ಲ ನಮ್ಮದು ಅಂತ ಎದೆ ತಟ್ಟಿ ಹೇಳ್ತೇವೆ. ಹಾಗಾದ್ರೆ ಅದೇ ಪರಂಪರೆಯ ಸಾಲವೂ ನಮ್ಮದೇ.

ಜರ್ಮನಿಯ ತತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್ 1946ರಲ್ಲಿ ನಾಜಿ ಕಾಲದ ಅಪರಾಧದ ಬಗ್ಗೆ ಬರೀವಾಗ ಇದನ್ನು ನಾಲ್ಕು ಭಾಗ ಮಾಡಿದರು, ನನಗೆ ತುಂಬ ಉಪಯೋಗ ಆದ ವಿಂಗಡಣೆ ಇದು. ಕಾನೂನು ಮುರಿದವನ ಅಪರಾಧ, ಅದಕ್ಕೆ ಕೋರ್ಟ್ ಉಂಟು. ಒಂದು ದೇಶದ ಪ್ರಜೆ ಆದ ಕಾರಣಕ್ಕೆ ಆ ದೇಶ ಮಾಡಿದ್ದಕ್ಕೆ ಹೊರಬೇಕಾದ ರಾಜಕೀಯ ಹೊಣೆ, ಇದು ಎಲ್ಲರದ್ದು, ಪರಿಹಾರ ಕೊಡುದು ಇದರಲ್ಲೇ ಬರ್ತದೆ. ನೈತಿಕ ಅಪರಾಧ, ಇದನ್ನು ಅವರವರ ಮನಸ್ಸಾಕ್ಷಿಯೇ ಹೇಳ್ಬೇಕು, ಇನ್ನೊಬ್ಬರು ಹೊರಿಸ್ಲಿಕ್ಕಾಗುದಿಲ್ಲ. ನಾಲ್ಕನೆಯದ್ದು, ಪಕ್ಕದ ಮನುಷ್ಯನನ್ನು ಕೊಲ್ಲುವಾಗ ನಾನು ಬದುಕಿ ಉಳಿದೆನಲ್ಲ ಅನ್ನುವ, ದೇವರೇ ತೀರ್ಮಾನ ಮಾಡಬೇಕಾದ ಅಪರಾಧ. ಸಾಮೂಹಿಕ ಪಾಪದ ಬಗ್ಗೆ ಮಾತಾಡುವಾಗ ನಾವು ಈ ನಾಲ್ಕನ್ನೂ ಒಂದೇ ಚೀಲಕ್ಕೆ ತುಂಬ್ತೇವೆ, ಗಲಾಟೆ ಆಗುದು ಅಲ್ಲಿ. ಕುಂಬಳೆಯ ಹುಡುಗಿಗೆ ಮೊದಲನೆಯದ್ದೂ ಇಲ್ಲ ಮೂರನೆಯದ್ದೂ ಇಲ್ಲ. ಸಭೆಯ ಸದಸ್ಯೆ ಅನ್ನುವ ಕಾರಣಕ್ಕೆ ಎರಡನೆಯದ್ದರಂಥ ಒಂದು ಹೊಣೆ ಉಂಟು.

ಇದನ್ನೆಲ್ಲ ಇನ್ನೂ ಹತ್ತಿರದಿಂದ ನೋಡ್ಬೇಕಾದ್ರೆ ಧರ್ಮೋಪದೇಶಕಾಂಡದ 21ನೇ ಅಧ್ಯಾಯ ತೆಗೆದು ಓದಿ. ಗಡಿಯಲ್ಲಿ ಬದುಕುವ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಊರ ಹೊರಗೆ ಬಯಲಿನಲ್ಲಿ ಒಂದು ಹೆಣ ಸಿಗ್ತದೆ, ಕೊಂದವರು ಯಾರು ಅಂತ ಗೊತ್ತಿಲ್ಲ. ಹಿರಿಯರು, ನ್ಯಾಯಾಧೀಶರು ಬಂದು ಹೆಣ ಬಿದ್ದ ಜಾಗದಿಂದ ಸುತ್ತಲಿನ ಊರುಗಳಿಗೆ ಎಷ್ಟು ದೂರ ಅಂತ ಅಳೀಬೇಕು. ಯಾವ ಊರು ಹತ್ತಿರ ಆಗ್ತದೋ ಆ ಊರಿನ ಹಿರಿಯರು ಇನ್ನೂ ನೊಗ ಹೊರದ, ಕೆಲಸ ಮಾಡದ ಒಂದು ಕಡಸನ್ನು ಹಿಡ್ಕೊಂಡು, ಉಳದ ಬಿತ್ತದ, ಯಾವಾಗಲೂ ನೀರು ಹರಿಯುವ ಒಂದು ಕಣಿವೆಗೆ ಇಳೀಬೇಕು. ಅಲ್ಲಿ ಅದರ ಕುತ್ತಿಗೆ ಮುರೀಬೇಕು. ಯಾಜಕರ ಎದುರು ಅದರ ಮೇಲೆ ಕೈ ತೊಳೆದು, ನಮ್ಮ ಕೈ ಈ ರಕ್ತ ಸುರಿಸಿಲ್ಲ, ನಮ್ಮ ಕಣ್ಣು ಇದನ್ನು ನೋಡಿಲ್ಲ, ನಿನ್ನ ಜನರನ್ನು ಕ್ಷಮಿಸು ಅಂತ ಬೇಡ್ಬೇಕು.

ಅವರು ಮಾಡಿಲ್ಲ. ಮಾಡಿಲ್ಲ ಅಂತ ಅವರ ಬಾಯಿಂದಲೇ ಹೇಳಿಸ್ತಾರೆ. ಆದ್ರೂ ಕ್ಷಮೆ ಬೇಡುದು ಅವರೇ, ಯಾಕಂದ್ರೆ ಅವರು ಹತ್ತಿರ ಇದ್ದರು. ಅಪರಾಧ ಯಾರದ್ದು ಅಂತ ಗೊತ್ತಾಗದೇ ಇದ್ರೂ ರಕ್ತದ ಹೊಣೆ ಯಾರ ಮೇಲೂ ಬೀಳದೆ ಗಾಳಿಯಲ್ಲಿ ತೇಲುವ ಹಾಗಿಲ್ಲ. ಅದು ಆ ಊರಿನ ವ್ಯಾಪ್ತಿ, ಇದು ಈ ಪಂಚಾಯತಿನ ವ್ಯಾಪ್ತಿ ಅಂತ ದೂಡಿ ಹಾಕ್ಲಿಕ್ಕೆ ಆಗದ ಹಾಗೆ ಹಗ್ಗ ಹಿಡಿದು ಅಳೆಸ್ತಾರೆ.

ನಮ್ಮ ಜಿಲ್ಲೆಯಲ್ಲಿ ಅಳೀಬೇಕಾದ ದೂರ ಉಂಟು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ, ವಾಣಿನಗರ ಕಡೆಯ ಗುಡ್ಡಗಳ ಸರ್ಕಾರಿ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ಗುಡ್ಡದ ಬುಡದಲ್ಲಿ ಮನೆಗಳು, ಗುಡ್ಡದಿಂದ ಇಳಿದು ಬರುವ ತೋಡಿನ ನೀರು, ಗುಡ್ಡ ಕೊರೆದು ಮಾಡಿದ ಸುರಂಗದ ನೀರು, ಅದನ್ನೇ ಕುಡಿಯುವ ಜನ. ಪತ್ರಕರ್ತ ಶ್ರೀಪಡ್ರೆ ಅಂಗವೈಕಲ್ಯದ ಕರುಗಳು ಹುಟ್ಟುದರ ಬಗ್ಗೆ 1979ರ ಹೊತ್ತಿಗೇ ಬರೆದಿದ್ದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಅದರ ತಯಾರಿ, ಮಾರಾಟ, ಬಳಕೆ ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಕೇರಳ ಸರ್ಕಾರಕ್ಕೆ ಹೇಳಿತು, 2022ರ ಮೇಯಲ್ಲಿ ಅದೇ ಕೋರ್ಟ್ ನೋಡುವಾಗ 3,704 ಜನರಲ್ಲಿ ಹಣ ಸಿಕ್ಕಿದ್ದು 8 ಜನರಿಗೆ. ಗಡಿಯ ಆಚೆ ದಕ್ಷಿಣ ಕನ್ನಡದ ಕೊಕ್ಕಡ, ನಿಡ್ಲೆ, ಪಟ್ರಮೆಯಲ್ಲೂ ಇದೇ ಕಥೆ.

ಇದರಲ್ಲಿ ಪಾಪಿ ಯಾರು ಅಂತ ಬೆರಳು ಮಾಡಿ ಹೇಳಿ ನೋಡುವ. ಹೆಲಿಕಾಪ್ಟರ್ ಓಡಿಸಿದವ ಕೆಲಸ ಮಾಡಿದ. ಫೈಲಿಗೆ ಸೈನ್ ಹಾಕಿದವ ಮೇಲಿನಿಂದ ಬಂದದ್ದಕ್ಕೆ ಸೈನ್ ಹಾಕಿದ. ಇಳುವರಿ ಬೇಕಿತ್ತು, ಔಷಧಿ ಮಾರುವವರಿಗೆ ಮಾರಾಟ ಬೇಕಿತ್ತು, ರಾಜಕೀಯದವರಿಗೆ ತೋಟದ ಕಾರ್ಮಿಕರ ಓಟು ಬೇಕಿತ್ತು, ಸ್ವಲ್ಪ ದೂರದ ನಮಗೆ ಅದು ನಮ್ಮ ಊರಲ್ಲ. ಪ್ರತಿಯೊಬ್ಬನೂ ಮಾಡಿದ್ದು ಸಣ್ಣದು, ಒಟ್ಟಾದಾಗ ಮಕ್ಕಳು ಹಾಸಿಗೆ ಬಿಟ್ಟು ಏಳದ ಹಾಗೆ ಆಯ್ತು. ದೇವತಾಶಾಸ್ತ್ರದಲ್ಲಿ ಸಾಮಾಜಿಕ ಪಾಪ, ಪಾಪದ ರಚನೆಗಳು ಅಂತ ಹೇಳುದು ಇಂಥದ್ದಕ್ಕೇ. 1968ರಲ್ಲಿ ಕೊಲಂಬಿಯದ ಮೆಡೆಲಿನ್‌ನಲ್ಲಿ ಸೇರಿದ ಲ್ಯಾಟಿನ್ ಅಮೆರಿಕದ ಬಿಷಪರು ಬಡತನದ ಬಗ್ಗೆ ಈ ಧಾಟಿಯಲ್ಲಿ ಮಾತಾಡಿದರು. ಪೋಪ್ ಎರಡನೇ ಜಾನ್ ಪಾಲ್ 1984ರಲ್ಲಿ ಸ್ವಲ್ಪ ಬ್ರೇಕ್ ಹಾಕಿ ವಿವರಿಸಿದರು: ರಚನೆ ತಾನಾಗಿ ಪಾಪ ಮಾಡುದಿಲ್ಲ, ಮಾಡುದು ಮನುಷ್ಯರೇ, ಸಾಮಾಜಿಕ ಪಾಪ ಅಂದ್ರೆ ಎಷ್ಟೋ ಜನರ ವೈಯಕ್ತಿಕ ಪಾಪಗಳು ರಾಶಿ ಬಿದ್ದದ್ದು, ಅದರಲ್ಲಿ ಕೆಟ್ಟದ್ದನ್ನು ಮಾಡಿದವರೂ ಉಂಟು, ತಡೀಬಹುದಿತ್ತು ಆದ್ರೆ ಸೋಮಾರಿತನದಿಂದ, ಹೆದರಿಕೆಯಿಂದ, ಸುಮ್ಮನಿರುವ ಒಪ್ಪಂದದಿಂದ ತಡೆಯದೆ ಬಿಟ್ಟವರೂ ಉಂಟು, ಲೋಕ ಬದಲಾಯಿಸ್ಲಿಕ್ಕೆ ಆಗುದಿಲ್ಲ ಅಂತ ನೆವ ಹೇಳಿದವರೂ ಉಂಟು. ಈ ಎಚ್ಚರಿಕೆ ಬೇಕಿತ್ತು ಅಂತ ನನ್ನ ಅಭಿಪ್ರಾಯ. "ಸಿಸ್ಟಮ್ ಸರಿ ಇಲ್ಲ" ಅಂತ ಹೇಳಿ ಎಲ್ಲರೂ ಮನೆಗೆ ಹೋಗ್ಲಿಕ್ಕೆ ಅದು ದಾರಿ ಬಿಡುದಿಲ್ಲ.

ಬಲಿಪೂಜೆಯ ಶುರುವಿನಲ್ಲಿ ನಾವು ಎದೆ ಬಡ್ಕೊಂಡು ಹೇಳುವ ಪ್ರಾರ್ಥನೆಯಲ್ಲಿ ಆಲೋಚನೆ, ಮಾತು, ಕೃತ್ಯದ ಜೊತೆಗೆ ಮಾಡದೆ ಬಿಟ್ಟದ್ದೂ ಸೇರಿದೆ. ನನಗೆ ನೆನಪಿರುವ ಮಟ್ಟಿಗೆ, ಆ ಪ್ರಾರ್ಥನೆ ಹೇಳುವಾಗ ಪಡ್ರೆಯ ಹೆಸರು ನಮ್ಮ ಬಾಯಲ್ಲಿ ಬರ್ಲಿಕ್ಕೆ ತುಂಬ ವರ್ಷ ಹಿಡಿಯಿತು.

ಇನ್ನು ಈ ಇಡೀ ವಿಷಯದ ಹೃದಯ. ಬೈಬಲಿನಲ್ಲಿ "ನಾವು ಪಾಪ ಮಾಡಿದ್ದೇವೆ" ಅಂತ ಹೇಳುವವರು ಯಾರು ಅಂತ ಹುಡುಕ್ತಾ ಹೋಗಿ, ಮತ್ತೆ ಮತ್ತೆ ಅದು ಎಲ್ಲರಿಗಿಂತ ಕಡಿಮೆ ತಪ್ಪು ಮಾಡಿದವರ ಬಾಯಲ್ಲೇ ಬರ್ತದೆ. ದಾನಿಯೇಲ ಸಿಂಹದ ಗವಿಗೆ ಹೋದ್ರೂ ಪ್ರಾರ್ಥನೆ ಬಿಡದವ, 9ನೇ ಅಧ್ಯಾಯದಲ್ಲಿ ಅವನು ನಮ್ಮ ಅರಸರು, ನಮ್ಮ ಪಿತೃಗಳು, ನಾವು ಅಂತ ಒಂದೇ ಉಸಿರಿನಲ್ಲಿ ಹೇಳ್ತಾನೆ, ಅವರು ಅಂತ ಹೇಳುದಿಲ್ಲ. ನೆಹೆಮೀಯ ಯೆರೂಸಲೇಮಿನ ಗೋಡೆ ಬೀಳುವಾಗ ಹುಟ್ಟಿರ್ಲೇ ಇಲ್ಲ, ಆದ್ರೆ ನಾನೂ ನನ್ನ ತಂದೆಯ ಮನೆಯವರೂ ಪಾಪ ಮಾಡಿದ್ದೇವೆ ಅಂತ ಅಳ್ತಾನೆ. ಎಜ್ರನೂ ಹಾಗೆ. ಕೊನೆಗೆ ಯೇಸು. ಪಶ್ಚಾತ್ತಾಪದ ದೀಕ್ಷಾಸ್ನಾನಕ್ಕೆ ಅಂತ ಯೊರ್ದನ್ ನದಿಯಲ್ಲಿ ಜನ ಕ್ಯೂ ನಿಂತಿರುವಾಗ ಪಾಪವೇ ಇಲ್ಲದವ ಬಂದು ಅದೇ ಕ್ಯೂವಿನಲ್ಲಿ ನಿಲ್ತಾನೆ, ದೀಕ್ಷಾಸ್ನಾನ ಕೊಡುವ ಯೋಹಾನ ಬೇಡ ಅಂದ್ರೂ ಕೇಳುದಿಲ್ಲ. ಸಭೆ ಆ ಕ್ರಿಸ್ತನ ದೇಹ ಅಂತ ಹೇಳುದಾದ್ರೆ ಅವನು ನಿಂತ ಜಾಗದಲ್ಲಿ ಅದಕ್ಕೂ ನಿಲ್ಬೇಕು. ಸಾಮೂಹಿಕ ಪಶ್ಚಾತ್ತಾಪದ ಬೇರು ಅಲ್ಲಿ, ತಪ್ಪಿತಸ್ಥರ ಪಟ್ಟಿ ದೊಡ್ಡದು ಮಾಡುವ ಆಸೆಯಲ್ಲಿ ಅಲ್ಲ. ಪ್ರೀತಿ ಇರುವವರು ಮಾತ್ರ ಇನ್ನೊಬ್ಬರ ಪಾಪಕ್ಕೆ "ನಾವು" ಅಂತ ಹೇಳ್ಲಿಕ್ಕೆ ಸಾಧ್ಯ.

ಇದು ಪುಸ್ತಕದಲ್ಲಿ ಮಾತ್ರ ನಡೆದದ್ದಲ್ಲ. 1945ರ ಅಕ್ಟೋಬರ್ 19ಕ್ಕೆ, ಬಾಂಬಿಗೆ ಹಾಳಾದ ಸ್ಟುಟ್‌ಗಾರ್ಟ್ ನಗರದಲ್ಲಿ ಜರ್ಮನಿಯ ಪ್ರೊಟೆಸ್ಟೆಂಟ್ ಸಭೆಗಳ ಮುಖಂಡರು ಹೊರದೇಶದಿಂದ ಬಂದ ಸಭಾ ಪ್ರತಿನಿಧಿಗಳ ಎದುರು ಒಂದು ಪಾಪದ ಅರಿಕೆ ಓದಿದರು. ನಮ್ಮಿಂದ ಎಷ್ಟೋ ಜನಾಂಗಗಳಿಗೆ, ದೇಶಗಳಿಗೆ ಕೊನೆಯಿಲ್ಲದ ಕಷ್ಟ ಬಂದಿದೆ ಅಂದರು, ಇನ್ನೂ ಧೈರ್ಯದಿಂದ ಸಾಕ್ಷಿ ಹೇಳದ್ದಕ್ಕೆ, ಇನ್ನೂ ನಿಷ್ಠೆಯಿಂದ ಪ್ರಾರ್ಥಿಸದ್ದಕ್ಕೆ, ಇನ್ನೂ ಸಂತೋಷದಿಂದ ನಂಬದ್ದಕ್ಕೆ, ಇನ್ನೂ ಉರಿಯುವ ಪ್ರೀತಿ ತೋರಿಸದ್ದಕ್ಕೆ ತಮ್ಮನ್ನೇ ದೂಷಿಸ್ಕೊಂಡರು. ಅದಕ್ಕೆ ಸಹಿ ಹಾಕಿದವರಲ್ಲಿ ಮಾರ್ಟಿನ್ ನೀಮೊಲರ್ ಒಬ್ಬರು, 1937ರಲ್ಲಿ ಅರೆಸ್ಟ್ ಆಗಿ ಹಿಟ್ಲರನ ಸೆರೆಯಲ್ಲೂ ಕ್ಯಾಂಪಿನಲ್ಲೂ ಯುದ್ಧ ಮುಗಿಯುವವರೆಗೆ ಇದ್ದವರು. ಜೈಲಿನಲ್ಲಿ ಇದ್ದವ "ನಾವು" ಅಂತ ಹೇಳಿದ, ಮನೆಯಲ್ಲಿ ಆರಾಮ ಇದ್ದ ಎಷ್ಟೋ ಜರ್ಮನರು "ನಮ್ಮನ್ನು ಯಾಕೆ ಸೇರಿಸಿದ್ರಿ" ಅಂತ ಸಿಟ್ಟು ಮಾಡಿದರು. ಹಾಗಂತ ಆ ಅರಿಕೆ ಪೂರ್ತಿ ಆಗಿತ್ತು ಅಂತ ಅಲ್ಲ. ಅದರಲ್ಲಿ ಯೆಹೂದ್ಯರ ಹೆಸರೇ ಇರ್ಲಿಲ್ಲ. ಲಕ್ಷಾಂತರ ಜನರನ್ನು ಕೊಂದದ್ದು ಆಗಷ್ಟೇ ಹೊರಗೆ ಬಂದಿರುವಾಗ ಅವರ ಹೆಸರು ಬಿಟ್ಟು ಕ್ಷಮೆ ಕೇಳಿದ್ದು, ಓದುವಾಗ ಈಗಲೂ ಎದೆಗೆ ಚುಚ್ಚುತ್ತದೆ.

ಇಲ್ಲಿ ಕಥೊಲಿಕರಿಗೆ ಒಂದು ಕಷ್ಟದ ಪ್ರಶ್ನೆ ಬರ್ತದೆ. ವಿಶ್ವಾಸ ಪ್ರಮಾಣದಲ್ಲಿ ನಾವು ಪವಿತ್ರ ಸಭೆಯನ್ನು ನಂಬ್ತೇವೆ ಅಂತ ಹೇಳ್ತೇವಲ್ಲ, ಪವಿತ್ರ ಅಂದ ಮೇಲೆ ಅದು ಪಾಪ ಮಾಡುದು ಹೇಗೆ? 2000ನೇ ಇಸವಿ ಮಾರ್ಚ್ 12ಕ್ಕೆ, ತಪಸ್ಸು ಕಾಲದ ಮೊದಲನೇ ಭಾನುವಾರ, ರೋಮಿನ ಸಂತ ಪೇತ್ರರ ಬೆಸಿಲಿಕದಲ್ಲಿ ಎರಡನೇ ಜಾನ್ ಪಾಲ್ ಅವರು ಇದನ್ನು ಕಾರ್ಯರೂಪಕ್ಕೆ ತಂದರು. ವ್ಯಾಟಿಕನ್ನಿನ ಏಳು ಜನ ಹಿರಿಯ ಧರ್ಮಾಧಿಕಾರಿಗಳು ಒಬ್ಬೊಬ್ಬರಾಗಿ ಬಂದು ಏಳು ಪಾಪನಿವೇದನೆ ಶುರು ಮಾಡಿಕೊಟ್ಟರು, ಸತ್ಯದ ಸೇವೆಯ ಹೆಸರಿನಲ್ಲಿ ಮಾಡಿದ ಹಿಂಸೆ, ಕ್ರೈಸ್ತರ ಐಕ್ಯ ಒಡೆದದ್ದು, ಯೆಹೂದ್ಯರಿಗೆ ಮಾಡಿದ್ದು, ಬೇರೆ ಸಂಸ್ಕೃತಿ ಬೇರೆ ಧರ್ಮದವರಿಗೆ ಮಾಡಿದ್ದು, ಹೆಂಗಸರ ಗೌರವಕ್ಕೆ ಮಾಡಿದ್ದು, ಹೀಗೆ. ಒಂದೊಂದಕ್ಕೂ ಶಿಲುಬೆಯ ಎದುರು ಒಂದೊಂದು ದೀಪ ಹಚ್ಚಿದರು, ಕೊನೆಗೆ ಮುದುಕರಾಗಿದ್ದ ಪೋಪ್ ಹೋಗಿ ಆ ಶಿಲುಬೆಯನ್ನು ಅಪ್ಪಿ ಮುತ್ತಿಟ್ಟರು. ಎರಡು ವಾರ ಕಳೆದು ಯೆರೂಸಲೇಮಿಗೆ ಹೋಗಿ ಪಶ್ಚಿಮ ಗೋಡೆಯ ಬಿರುಕಿನಲ್ಲಿ ಯೆಹೂದ್ಯರ ಬಗ್ಗೆ ಮಾಡಿದ ಆ ಪ್ರಾರ್ಥನೆಯ ಕಾಗದ ಇಟ್ಟು ಬಂದರು.

ಅಷ್ಟು ದೊಡ್ಡ ಕೆಲಸದಲ್ಲೂ ಒಂದು ಎಚ್ಚರಿಕೆ ಇತ್ತು. ಪಾಪ ಮಾಡಿದ್ದು ಸಭೆಯ ಮಕ್ಕಳು, ತಾಯಿ ಸಭೆ ಪವಿತ್ರಳೇ, ಮಕ್ಕಳ ಪಾಪದ ಭಾರವನ್ನು ಅವಳು ತಾಯಿಯಾಗಿ ಹೊರ್ತಾಳೆ, ಅನ್ನುವ ವಿವರಣೆ. ಸ್ವಿಸ್ ದೇವತಾಶಾಸ್ತ್ರಿ ಚಾರ್ಲ್ಸ್ ಜೂರ್ನೆ ಮೊದಲೇ ಇದನ್ನು ಹೇಳಿದ್ದರು, ಸಭೆಯಲ್ಲಿ ಪಾಪಿಗಳು ಉಂಟು, ಸಭೆಗೆ ಪಾಪ ಇಲ್ಲ ಅಂತ. ಇನ್ನೊಂದು ಕಡೆ ಜರ್ಮನಿಯ ದೇವತಾಶಾಸ್ತ್ರಿ ಕಾರ್ಲ್ ರಾಹ್ನರ್. ಸಭೆ ಅಂದ್ರೆ ಆಕಾಶದಲ್ಲಿ ತೇಲುವ ಏನೋ ಅಲ್ಲ, ಈ ಜನರೇ, ಇದನ್ನು ನಡೆಸುವವರೇ ಪಾಪ ಮಾಡುವಾಗ ಸಭೆಯೇ ಪಾಪದಲ್ಲಿ ಬೀಳ್ತದೆ ಅಂತ ಹೇಳ್ಲೇಬೇಕು ಅಂದರು. ಮಹಾಸಭೆ 1964ರಲ್ಲಿ ಮಧ್ಯದ ದಾರಿ ಹಿಡಿಯಿತು, ಸಭೆ ತನ್ನ ಮಡಿಲಲ್ಲಿ ಪಾಪಿಗಳನ್ನು ಇಟ್ಕೊಂಡಿದೆ, ಅದು ಪವಿತ್ರವೂ ಹೌದು, ಯಾವಾಗಲೂ ಶುದ್ಧಿ ಆಗಬೇಕಾದದ್ದೂ ಹೌದು. ಪ್ರೊಟೆಸ್ಟೆಂಟ್ ಸಭೆಗಳು ಶುರುವಾಗ್ಲಿಕ್ಕೆ ಕಾರಣರಾದ ಲೂಥರ್ ಆಗಿದ್ರೆ ಇಷ್ಟು ಸುತ್ತು ಬಳಸ್ತಿರ್ಲಿಲ್ಲ, ಕ್ರೈಸ್ತ ಸಭೆಯಷ್ಟು ದೊಡ್ಡ ಪಾಪಿ ಬೇರೆ ಇಲ್ಲ ಅಂತ ಒಂದು ಪ್ರಸಂಗದಲ್ಲಿ ನೇರ ಹೇಳಿದವರು ಅವರು. ನಮ್ಮ ತಪ್ಪುಗಳನ್ನು ಕ್ಷಮಿಸು ಅಂತ ದಿನಾ ಕೇಳುದು ಸಭೆಯೇ ಅಲ್ವಾ ಅನ್ನುದು ಅವರ ವಾದ.

ನಾನು ಕಥೊಲಿಕ, ಆದ್ರೆ ಈ ವಿಷಯದಲ್ಲಿ ನನ್ನ ಮನಸ್ಸು ರಾಹ್ನರ್ ಕಡೆ. ಕಾರಣ ತತ್ವದ್ದಲ್ಲ, ಗಾಯ ಆದವರು ಆ ಮಾತನ್ನು ಹೇಗೆ ಕೇಳಿಸ್ಕೊಳ್ತಾರೆ ಅನ್ನುದು. 2022ರ ಜುಲೈ 25ಕ್ಕೆ ಪೋಪ್ ಫ್ರಾನ್ಸಿಸ್ ಕೆನಡಾದ ಮಾಸ್ಕ್ವಾಚೀಸ್‌ಗೆ ಹೋಗಿ, ಅಲ್ಲಿಯ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತು ತಂದು ಹಾಕಿದ ವಸತಿ ಶಾಲೆಗಳ ಬಗ್ಗೆ ಕ್ಷಮೆ ಕೇಳಿದರು, ಎಷ್ಟೋ ಕ್ರೈಸ್ತರು ಮಾಡಿದ ಕೆಟ್ಟದ್ದಕ್ಕೆ ಅಂತ. ತುಂಬ ಜನ ಅತ್ತರು, ಸಮಾಧಾನ ಪಟ್ಟರು. ಆದ್ರೆ ಎಷ್ಟೋ ಕ್ರೈಸ್ತರು ಅಂತ ಯಾಕೆ ಹೇಳುದು, ಸಂಸ್ಥೆಯೇ ಯೋಜನೆ ಹಾಕಿ ನಡೆಸಿದ್ದಲ್ವಾ ಅಂತ ಅಲ್ಲಿಯವರೇ ಕೇಳಿದರು. ಆ ಪ್ರಶ್ನೆಗೆ ತಾಯಿ ಮಕ್ಕಳ ವಿವರಣೆ ಸಾಕಾಗುದಿಲ್ಲ.

ಕ್ಷಮೆ ಕೇಳಿದ ಕೂಡ್ಲೇ ಸಿಗ್ಬೇಕು ಅಂತ ಇಲ್ಲ, ಇದನ್ನೂ ಕೆನಡಾದಿಂದಲೇ ಕಲೀಬೇಕು. ಅಲ್ಲಿಯ ಯುನೈಟೆಡ್ ಚರ್ಚ್ 1986ರಲ್ಲಿ ಸಡ್ಬರಿಯಲ್ಲಿ ಮೂಲನಿವಾಸಿಗಳ ಹತ್ರ ಕ್ಷಮೆ ಕೇಳಿತು. ಹಿರಿಯರು ಆ ಮಾತನ್ನು ತಗೊಂಡರು, ಒಪ್ಪಿದ್ದೇವೆ ಅಂತ ಮಾತ್ರ ಹೇಳ್ಲಿಲ್ಲ. ಆ ಜಾಗದಲ್ಲಿ ಕಟ್ಟಿದ ಕಲ್ಲಿನ ರಾಶಿಯನ್ನೂ ಬೇಕೆಂದೇ ಪೂರ್ತಿ ಮಾಡದೆ ಬಿಟ್ಟರು. ನಡೆದು ತೋರಿಸಿ ಅಂತ ಅರ್ಥ.

ದಕ್ಷಿಣ ಆಫ್ರಿಕದ್ದು ಇನ್ನೂ ಜಟಿಲ. ಅಲ್ಲಿಯ ಡಚ್ ರಿಫಾರ್ಮ್ಡ್ ಸಭೆ 1857ರ ಸಿನೋಡಿನಲ್ಲಿ (ಸಭೆಯ ಆಡಳಿತದ ಮೀಟಿಂಗಿನಲ್ಲಿ) ಬಿಳಿಯರಲ್ಲದವರಿಗೆ ಬೇರೆ ಆರಾಧನೆ ಮಾಡಬಹುದು ಅಂತ ತೀರ್ಮಾನ ಮಾಡ್ತದೆ, ಕೆಲವರ ಬಲಹೀನತೆಯ ಕಾರಣಕ್ಕೆ ಅಂತ ಬರೀತಾರೆ, ಅಂದ್ರೆ ಒಟ್ಟಿಗೆ ಕೂತು ಪ್ರಭುಭೋಜನ ತಗೊಳ್ಲಿಕ್ಕೆ ಒಪ್ಪದ ಬಿಳಿಯರ ಬಲಹೀನತೆ. ಸಣ್ಣ ವಿನಾಯಿತಿ. 1881ಕ್ಕೆ ಬೇರೆ ಸಭೆಯೇ ಆಯ್ತು, ಮುಂದೆ ಅಪಾರ್ಥೈಡ್, ಅಂದ್ರೆ ಸರ್ಕಾರವೇ ಮಾಡಿದ ವರ್ಣಭೇದ, ಬಂದಾಗ ಅದಕ್ಕೆ ಬೈಬಲಿನಿಂದ ಸಮರ್ಥನೆ ಕೊಟ್ಟದ್ದೂ ಇದೇ ಸಭೆ. 1990ರ ನವೆಂಬರಿನಲ್ಲಿ ರಸ್ಟನ್‌ಬರ್ಗ್‌ನಲ್ಲಿ ಎಲ್ಲ ಸಭೆಗಳವರು ಸೇರಿದಾಗ ಅದೇ ಡಚ್ ರಿಫಾರ್ಮ್ಡ್ ಸಭೆಯ ಪ್ರೊಫೆಸರ್ ವಿಲ್ಲಿ ಯೋಂಕರ್ ತಮ್ಮ ಭಾಷಣದ ಮಧ್ಯೆ, ನನ್ನ ಸ್ವಂತ ಪಾಪವನ್ನೂ, ನನ್ನ ಸಭೆಯ ಪರವಾಗಿ ಅದರ ಪಾಪವನ್ನೂ ಒಪ್ಕೊಳ್ತೇನೆ ಅಂದರು. ಕಪ್ಪು ಜನರ ಕಡೆಯ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಎದ್ದು ನಾವು ಕ್ಷಮಿಸ್ತೇವೆ ಅಂದರು. ಆಗ ಕೆಲವು ಕಪ್ಪು ಪ್ರತಿನಿಧಿಗಳು, ನಮ್ಮ ಪರವಾಗಿ ಕ್ಷಮಿಸ್ಲಿಕ್ಕೆ ನಿಮಗೆ ಯಾರು ಅಧಿಕಾರ ಕೊಟ್ಟದ್ದು ಅಂತ ಟುಟು ಅವರನ್ನೇ ಕೇಳಿದರು. ನೋಡಿ, ಪರವಾಗಿ ಪಾಪ ಒಪ್ಪುವವನಿಗೂ ಅಧಿಕಾರದ ಪ್ರಶ್ನೆ, ಪರವಾಗಿ ಕ್ಷಮಿಸುವವನಿಗೂ ಅದೇ ಪ್ರಶ್ನೆ. 2019ರ ಸೆಪ್ಟೆಂಬರಿನಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಜಲಿಯನ್‌ವಾಲಾ ಬಾಗಿನ ನೆಲದಲ್ಲಿ ಉದ್ದಕ್ಕೆ ಅಡ್ಡ ಬಿದ್ದಾಗಲೂ, ಸರ್ಕಾರದ ಪರವಾಗಿ ಮಾತಾಡ್ಲಿಕ್ಕೆ ನನಗಾಗುದಿಲ್ಲ ಅಂತ ಹೇಳಿಯೇ ಅಡ್ಡ ಬಿದ್ದದ್ದು.

1857ರ ಆ "ಬಲಹೀನತೆ" ಓದುವಾಗ ನಮ್ಮ ದೇಶ ನೆನಪಾಗದೆ ಇರುದಿಲ್ಲ. ತಮಿಳುನಾಡಿನ ವಡಕ್ಕನ್‌ಕುಳಂ ಇಗರ್ಜಿಯ ಒಳಗೆ ಜಾತಿ ಲೆಕ್ಕದಲ್ಲಿ ಜನರನ್ನು ಬೇರೆ ಕೂರಿಸ್ಲಿಕ್ಕೆ ಗೋಡೆಯೇ ಇತ್ತು. 1910ರಲ್ಲಿ ಗುರುಗಳು ಅದನ್ನು ಒಡೆಸಿದಾಗ ಮೇಲ್ಜಾತಿಯ ಕ್ರೈಸ್ತರು ಗೋಡೆ ವಾಪಸ್ ಬೇಕು ಅಂತ ಕೋರ್ಟಿಗೆ ಹೋದರು, ಕೊನೆಗೆ ಮದ್ರಾಸ್ ಹೈಕೋರ್ಟಿನಲ್ಲಿ ಸೋತರು. ಆಮೇಲೂ ಎಷ್ಟೋ ಕಡೆ ಸತ್ತವರಿಗೂ ಬೇರೆ ಸ್ಮಶಾನ. 2003ರಲ್ಲಿ ತಮಿಳುನಾಡಿನ ಬಿಷಪರಿಗೆ ಪೋಪ್ ನೇರವಾಗಿ ಈ ಜಾತಿ ಭೇದದ ಬಗ್ಗೆ ಎಚ್ಚರಿಸಿದರು, 2016ರ ಡಿಸೆಂಬರಿನಲ್ಲಿ ಭಾರತದ ಕಥೊಲಿಕ ಬಿಷಪರ ಮಂಡಳಿ ದಲಿತ ಸಬಲೀಕರಣದ ನೀತಿಯನ್ನೇ ಹೊರಡಿಸಿತು. ನಮ್ಮ ಕರಾವಳಿಯಲ್ಲಿ ಗೋಡೆ ಕಟ್ಲಿಲ್ಲ, ಆದ್ರೆ ಮದುವೆ ಮಾತುಕತೆ ಬರುವಾಗ ಕೊಂಕಣಿ ಕಥೊಲಿಕರ ಮನೆಗಳಲ್ಲಿ ಬಾಮಣ, ಚಾರ್ಡೊ, ಶುದಿರ್ ಅಂತ ಹಳೇ ಜಾತಿಯನ್ನು ಮೆಲ್ಲಗೆ ಕೇಳುವವರು ಇನ್ನೂ ಉಂಟು, ಇಷ್ಟು ತಲೆಮಾರು ದಾಟಿದ ಮೇಲೂ. ಇದು ಒಬ್ಬ ಅಜ್ಜಿಯ ಪಾಪ ಅಲ್ಲ. ಆ ಪ್ರಶ್ನೆಯನ್ನು ಸಹಜ ಅಂತ ನಡೆಸ್ಕೊಂಡು ಬಂದ ನಮ್ಮೆಲ್ಲರದ್ದು.

ಪಶ್ಚಾತ್ತಾಪ ಮಾತಿಗೆ ನಿಲ್ಬಾರ್ದು ಅನ್ನುದರಲ್ಲಿ ಯಾರಿಗೂ ತಕರಾರು ಇಲ್ಲ. ಬೈಬಲಿನಲ್ಲಿ ಬರುವ ಸುಂಕದವ ಜಕ್ಕಾಯ, ಯೇಸು ಕರೆದಾಗ, ಮರದಿಂದ ಇಳಿದು ಅಳುತ್ತಾ ಕೂರ್ಲಿಲ್ಲ, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕು ಪಾಲು ವಾಪಸ್ ಅಂತ ಲೆಕ್ಕ ಹೇಳಿದ. ಇಂಗ್ಲೆಂಡಿನ ಸಭೆ ಗುಲಾಮರ ವ್ಯಾಪಾರದಿಂದ ತನ್ನ ಹಳೇ ನಿಧಿಗೆ ಹಣ ಬಂದದ್ದನ್ನು ಲೆಕ್ಕಪತ್ರ ತೆಗೆದು ನೋಡಿ, 2023ರ ಜನವರಿಯಲ್ಲಿ 10 ಕೋಟಿ ಪೌಂಡ್ ತೆಗೆದಿಡ್ತೇವೆ ಅಂತ ಹೇಳಿತು. ಅದು ಸಾಲದು ಅಂತ ಹೇಳುವವರು ಉಂಟು, ಈಗ ಇರುವವರು ಯಾಕೆ ಕೊಡ್ಬೇಕು ಅಂತ ಹೇಳುವವರೂ ಉಂಟು, ನನಗೆ ಮುಖ್ಯ ಅನಿಸಿದ್ದು ಅವರು ಮೊದಲು ಹಳೇ ಲೆಕ್ಕದ ಪುಸ್ತಕ ಬಿಡಿಸಿ ಕೂತದ್ದು. ಗೊತ್ತಿಲ್ಲದ ಪಾಪಕ್ಕೆ ಒಟ್ಟಾಗಿ ಕ್ಷಮೆ ಕೇಳುದು ಸುಲಭ, ಹೆಸರು ಬರೆದು ಕೇಳುದು ಕಷ್ಟ.

ಹಾಗಾಗಿ ಯುವಜನರು ಈ ಸಲ ಕೇಳುವಾಗ ನಾನು ಹೇಳುದು ಇಷ್ಟೇ. ಪೋಪರ ಪಾಪದ ಚರ್ಚೆ ಆಮೇಲೆ ಮಾಡುವ. ಪವಿತ್ರ ವಾರದ ಮೊದಲು ಇಗರ್ಜಿಯಲ್ಲಿ ಪಶ್ಚಾತ್ತಾಪ ವಿಧಿ ಹೇಗೂ ಇರ್ತದೆ, ಅದರಲ್ಲಿ ಓದುವ ಪ್ರಾರ್ಥನೆಯನ್ನು ಪುಸ್ತಕದಿಂದ ತೆಗೀದೆ ವಾರ್ಡಿನವರು ಕೂತು ಬರೀಲಿ. ನಮ್ಮ ಎಸ್ಟೇಟು, ತೋಟಗಳಲ್ಲಿ ಕೂಲಿಗೆ ಬರುವವರಿಗೆ ಎಷ್ಟು ಕೊಡ್ತೇವೆ, ಅವರಿಗೆ ಚಾ ಕೊಡುವ ಗ್ಲಾಸು ಯಾವುದು, ಬಾಡಿಗೆ ಮನೆಯಲ್ಲಿರುವ ಉತ್ತರ ಭಾರತದ ಹುಡುಗರು ಪೂಜೆಗೆ ಬಂದ್ರೆ ಎಲ್ಲಿ ಕೂರ್ತಾರೆ, ಪಡ್ರೆ ಕಡೆಯ ಮನೆಗೆ ನಮ್ಮಿಂದ ಕೊನೆಗೆ ಹೋದವರು ಯಾರು, ಯಾವಾಗ. ಬರೆದದ್ದನ್ನು ಓದುವ ಮೊದಲು ಆ ಮನೆಯವರ ಹತ್ರ ಒಮ್ಮೆ ಓದಿ ಹೇಳ್ಬೇಕು, ಇದು ಸರಿ ಉಂಟಾ, ಎಂತಾದ್ರೂ ಬಿಟ್ಟಿದ್ದೇವಾ ಅಂತ. ಅವರು ಕ್ಷಮಿಸಿದ್ದೇವೆ ಅಂತ ಹೇಳ್ಬೇಕಾಗಿಲ್ಲ, ನಾವು ಅದನ್ನು ಕೇಳ್ಲೂ ಬಾರದು. ಇದಕ್ಕೆ ಮಂಗಳೂರಿನಿಂದ ಸರ್ಕ್ಯುಲರ್ ಬರುವವರೆಗೆ ಕಾಯುವ ಅಗತ್ಯ ಇಲ್ಲ, ಫಾದರ್ ಹತ್ರ ಮಾತಾಡಿ ಇಗರ್ಜಿಯ ಪಾಲನಾ ಪರಿಷತ್ತಿನ ಮುಂದಿನ ಮೀಟಿಂಗಿಗೆ ಒಂದು ವಿಷಯ ಅಂತ ವಾರ್ಡಿನ ಮುಖಂಡರಾದ ಗುರ್ಕಾರರು ಬರೆಸಿದ್ರೆ ಆಯ್ತು.